ಕೆಲಸ ಅಷ್ಟೇ, ಆಸ್ಪತ್ರೆ ಬೇರೆ: ಈ ಸುಸ್ತು ಎಲ್ಲಿಂದ ಬರುತ್ತಿದೆ?

ಪ್ರಶ್ನೆ: ನಾನು ಸ್ಟಾಫ್ ನರ್ಸ್. ಒಂಬತ್ತು ವರ್ಷದ ಅನುಭವ ಇದೆ. ಮದುವೆಯಾದ ಮೇಲೆ ಊರು ಬದಲಾಗಿ, ಎರಡು ವರ್ಷದಿಂದ ಜಿಲ್ಲಾ ಕೇಂದ್ರದ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೇನೆ. ಹಳೇ ಆಸ್ಪತ್ರೆಯಲ್ಲೂ ಪೇಷಂಟ್‌ಗಳು ಇಷ್ಟೇ ಇದ್ದರು, ನೈಟ್ ಡ್ಯೂಟಿ ಇಷ್ಟೇ ಇತ್ತು, ಸಂಬಳ ಇನ್ನೂ ಕಮ್ಮಿ ಇತ್ತು. ಆದರೆ ಅಲ್ಲಿ ಹೀಗೆ ಸುಸ್ತಾಗುತ್ತಿರಲಿಲ್ಲ. ಇಲ್ಲಿ ಡ್ಯೂಟಿಗೆ ಹೊರಡುವ ಮುಂಚೆಯೇ ಹೊಟ್ಟೆ ಕಿವುಚಿದ ಹಾಗಾಗುತ್ತೆ. ವಾಟ್ಸಾಪ್ ಸದ್ದಾದರೆ ಎದೆ ಡವಡವ. ಎಚ್‌ಆರ್‌ನವರು ತಿಂಗಳಿಗೊಮ್ಮೆ ಸ್ಟ್ರೆಸ್ ಮ್ಯಾನೇಜ್‌ಮೆಂಟ್ ಕ್ಲಾಸ್ ಮಾಡಿ ಧ್ಯಾನ ಹೇಳಿಕೊಡುತ್ತಾರೆ, ಏನೂ ಪ್ರಯೋಜನ ಇಲ್ಲ. ಮನೆಯವರು ‘ನಿನಗೆ ತಾಳ್ಮೆ ಕಮ್ಮಿ’ ಅಂತಾರೆ. ನಾನೇ ಸೂಕ್ಷ್ಮ ಆಗಿಬಿಟ್ಟಿದ್ದೀನಾ? ಹೊಂದಿಕೊಳ್ಳಬೇಕಾ, ಬಿಡಬೇಕಾ?

ಉತ್ತರ: ಇಲ್ಲ ಸಿಸ್ಟರ್, ನೀವು ಸೂಕ್ಷ್ಮ ಆಗಿಲ್ಲ. ಒಂಬತ್ತು ವರ್ಷ ವಾರ್ಡ್‌ನಲ್ಲಿ ದುಡಿದವರಿಗೆ ತಾಳ್ಮೆ ಕಮ್ಮಿ ಅನ್ನುವವರನ್ನು ಒಂದು ರಾತ್ರಿ ಮೆಡಿಕಲ್ ವಾರ್ಡ್‌ನಲ್ಲಿ ಕೂರಿಸಬೇಕು ಅನ್ನಿಸುತ್ತೆ ನನಗೆ. ಆದರೆ ಮನೆಯಲ್ಲಿ ಜಗಳ ಬೇಡ, ಈ ಉತ್ತರವನ್ನೇ ಓದಲು ಕೊಡಿ.

ನೀವು ಬರೆದದ್ದರಲ್ಲಿ ಒಂದು ಮಾತು ತುಂಬಾ ಮುಖ್ಯ. ಪೇಷಂಟ್‌ಗಳು ಅಷ್ಟೇ, ನೈಟ್ ಅಷ್ಟೇ, ಸಂಬಳ ಜಾಸ್ತಿಯೇ ಆಗಿದೆ, ಕೆಲಸ ಮಾಡುವವರೂ ಅದೇ ನೀವು. ಆದರೂ ಸುಸ್ತು ಜಾಸ್ತಿ. ಹಾಗಾದರೆ ಬದಲಾದದ್ದು ಏನು? ಆ ಜಾಗದ ರೀತಿ. ಯಾರು ಯಾರನ್ನು ಹೇಗೆ ಮಾತಾಡಿಸುತ್ತಾರೆ, ತಪ್ಪಾದರೆ ಏನಾಗುತ್ತೆ, ರಜೆ ಕೇಳಿದರೆ ಇನ್‌ಚಾರ್ಜ್ (ವಾರ್ಡ್ ನೋಡಿಕೊಳ್ಳುವ ಹಿರಿಯ ಸಿಸ್ಟರ್) ಮುಖ ಹೇಗಾಗುತ್ತೆ, ‘ನನಗೆ ಗೊತ್ತಿಲ್ಲ’ ಅಂತ ಹೇಳಬಹುದಾ ಇಲ್ಲವಾ. ಇದಕ್ಕೆ ಕೆಲಸದ ಸಂಸ್ಕೃತಿ ಅಂತ ದೊಡ್ಡ ಹೆಸರಿದೆ. ಆಸ್ಪತ್ರೆ ಸಿಬ್ಬಂದಿಯ ಮಾನಸಿಕ ಆರೋಗ್ಯದ ಕೆಲಸದಲ್ಲಿ ಬಹಳ ಕಾಲದಿಂದ ಇರುವ ನನಗೆ ಅನ್ನಿಸಿರುವುದು ಇಷ್ಟು: ದುಡಿದು ಆದ ಆಯಾಸ ನಿದ್ದೆ ಮಾಡಿದರೆ ಹೋಗುತ್ತೆ, ಹೆದರಿಕೊಂಡು ದುಡಿದದ್ದು ಹೋಗುವುದಿಲ್ಲ. ರಜೆಯ ದಿನವೂ ಮೊಬೈಲ್ ಸದ್ದಿಗೆ ನಿಮ್ಮ ಎದೆ ಹೊಡೆದುಕೊಳ್ಳುತ್ತಿದ್ದರೆ, ಅದು ಎರಡನೇ ಜಾತಿಯದು.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಕಡೆ ಯಾವ ಫೀಮೇಲ್ ವಾರ್ಡ್‌ಗೆ ಹೋದರೂ ಇಬ್ಬರು ಲಕ್ಷ್ಮಮ್ಮ ಇರುತ್ತಾರೆ. ಒಬ್ಬರಿಗೆ ಶುಗರ್, ಇನ್ನೊಬ್ಬರಿಗೆ ನ್ಯುಮೋನಿಯಾ, ಬೆಡ್ ಅಕ್ಕಪಕ್ಕ. ಬೆಳಗಿನ ಹೊತ್ತು, ನೈಟ್ ಡ್ಯೂಟಿಯ ಕೊನೇ ಗಂಟೆ. ಸಿಸ್ಟರ್ ಇನ್ಸುಲಿನ್ ಲೋಡ್ ಮಾಡಿಕೊಂಡು ಬಂದಿದ್ದಾರೆ, ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದ್ದೂ ಆಯಿತು, ಅಷ್ಟರಲ್ಲಿ ಆ ಅಜ್ಜಿ ‘ನಂಗೆ ಸಕ್ಕರೆ ಕಾಯಿಲೆ ಇಲ್ವಲ್ಲಮ್ಮ’ ಅನ್ನುತ್ತಾರೆ. ಕೈ ನಿಲ್ಲುತ್ತೆ. ಫೈಲ್‌ನ ಐಪಿ ನಂಬರ್ (ಒಳರೋಗಿ ಸಂಖ್ಯೆ) ನೋಡಿದರೆ, ಹೌದು, ಇವರು ಪಕ್ಕದ ಬೆಡ್‌ನ ಲಕ್ಷ್ಮಮ್ಮ ಅಲ್ಲ. ಅನಾಹುತ ಏನೂ ಆಗಲಿಲ್ಲ.

ಈಗ ಆ ಸಿಸ್ಟರ್ ಏನು ಮಾಡುತ್ತಾರೆ? ನಾನು ಎರಡೂ ಥರದ ಆಸ್ಪತ್ರೆ ನೋಡಿದ್ದೇನೆ. ಒಂದು ಕಡೆ ಅವರು ಸಿರಿಂಜ್ ಕೆಳಗಿಟ್ಟು, ಮುಂದಿನ ಪಾಳಿಯವರಿಗೆ ಡ್ಯೂಟಿ ಒಪ್ಪಿಸುವ ಹ್ಯಾಂಡೋವರ್‌ನಲ್ಲಿ ಎಲ್ಲರ ಮುಂದೆ ಹೇಳುತ್ತಾರೆ. ಇನ್‌ಚಾರ್ಜ್ ‘ಸದ್ಯ, ಅಜ್ಜಿ ಬಾಯಿ ಬಿಟ್ಟರಲ್ಲ’ ಅಂತಾರೆ. ಹತ್ತೇ ನಿಮಿಷದಲ್ಲಿ ಎರಡೂ ಫೈಲ್ ಮೇಲೆ ಕೆಂಪು ಸ್ಟಿಕ್ಕರ್ ಬೀಳುತ್ತೆ, ಒಬ್ಬ ಲಕ್ಷ್ಮಮ್ಮ ಕಿಟಕಿ ಪಕ್ಕದ ಬೆಡ್‌ಗೆ ಹೋಗುತ್ತಾರೆ, ಒಂದೇ ಹೆಸರಿನವರನ್ನು ಅಕ್ಕಪಕ್ಕ ಹಾಕಬೇಡಿ ಅಂತ ಅಡ್ಮಿಷನ್ ಕೌಂಟರ್‌ಗೆ ಮಾತು ಹೋಗುತ್ತೆ. ಇನ್ನೊಂದು ಕಡೆ ಸಿಸ್ಟರ್ ಸುತ್ತ ನೋಡುತ್ತಾರೆ. ಯಾರೂ ಗಮನಿಸಿಲ್ಲ. ಸುಮ್ನೆ ಇದ್ದುಬಿಡುತ್ತಾರೆ. ಹೇಳಿದರೆ ಮೆಮೊ ಗ್ಯಾರಂಟಿ, ಅಪ್ರೈಸಲ್‌ನಲ್ಲಿ ಕಪ್ಪು ಚುಕ್ಕೆ, ರೌಂಡ್ಸ್‌ನಲ್ಲಿ ಎಲ್ಲರೆದುರು ‘ಓದಿದ್ದೀರಾ ನೀವು?’ ಅನ್ನುವ ಪ್ರಶ್ನೆ. ಆ ಇಬ್ಬರು ಲಕ್ಷ್ಮಮ್ಮ ಅಲ್ಲೇ ಅಕ್ಕಪಕ್ಕ ಮಲಗಿರುತ್ತಾರೆ. ಮಧ್ಯಾಹ್ನದ ಡ್ಯೂಟಿಗೆ ಬರುವ ಹೊಸ ಹುಡುಗಿಗೆ ಈ ವಿಷಯ ಗೊತ್ತೇ ಇರುವುದಿಲ್ಲ.

ಎರಡನೇ ಆಸ್ಪತ್ರೆಯ ಸಿಸ್ಟರ್ ಮನೆಗೆ ಹೋಗಿ ಮಲಗುತ್ತಾರೆ, ನಿದ್ದೆ ಬರುವುದಿಲ್ಲ. ಮೊದಲನೇ ಕಡೆಯವರಿಗೆ ಬರುತ್ತೆ. ಕೆಲಸ ಇಬ್ಬರದೂ ಅಷ್ಟೇ ಇತ್ತು, ಅಲ್ವಾ?

ಇದು ನನ್ನೊಬ್ಬರ ಮಾತಲ್ಲ. 1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಅನ್ನುವ ಸಂಶೋಧಕಿ ಅಮೆರಿಕದ ಆಸ್ಪತ್ರೆಗಳ ವಾರ್ಡ್‌ಗಳಲ್ಲಿ ಔಷಧದ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಗ್ಗಟ್ಟಾಗಿ, ಚೆನ್ನಾಗಿ ಕೆಲಸ ಮಾಡುವ ತಂಡಗಳಲ್ಲಿ ತಪ್ಪು ಕಮ್ಮಿ ಇರುತ್ತೆ ಅಂದುಕೊಂಡೇ ಶುರು ಮಾಡಿದ್ದು. ಲೆಕ್ಕ ಉಲ್ಟಾ ಬಂತು. ಒಳ್ಳೇ ತಂಡಗಳಲ್ಲೇ ದಾಖಲಾದ ತಪ್ಪು ಜಾಸ್ತಿ. ಕೆದಕಿ ನೋಡಿದಾಗ ಗೊತ್ತಾದದ್ದು, ಅಲ್ಲಿ ತಪ್ಪು ಜಾಸ್ತಿ ಆಗುತ್ತಿತ್ತು ಅಂತಲ್ಲ, ಅವರು ಹೇಳಿಕೊಳ್ಳುತ್ತಿದ್ದರು. ಬೇರೆ ಕಡೆ ಮುಚ್ಚಿಡುತ್ತಿದ್ದರು. ಆದ್ದರಿಂದ ‘ನಮ್ಮಲ್ಲಿ ಈ ವರ್ಷ ಒಂದೂ ಇನ್ಸಿಡೆಂಟ್ ಇಲ್ಲ’ ಅಂತ ಯಾವುದಾದರೂ ಆಸ್ಪತ್ರೆ ಎದೆ ತಟ್ಟಿಕೊಂಡರೆ ನನಗೆ ಭಯವೇ ಆಗುತ್ತೆ.

ಇಂಗ್ಲೆಂಡಿನ ಸ್ಟ್ಯಾಫರ್ಡ್ ಆಸ್ಪತ್ರೆಯ ಕಥೆ ಇದರ ಕೆಟ್ಟ ಕೊನೆ. 2005ರಿಂದ 2009ರವರೆಗೆ ಅಲ್ಲಿ ರೋಗಿಗಳ ಆರೈಕೆ ಎಷ್ಟು ಹದಗೆಟ್ಟಿತ್ತು ಅಂತ 2013ರಲ್ಲಿ ರಾಬರ್ಟ್ ಫ್ರಾನ್ಸಿಸ್ ವಿಚಾರಣಾ ವರದಿ ಬಂತು. ಆಡಳಿತಕ್ಕೆ ಖರ್ಚು ಉಳಿಸುವುದು, ಟಾರ್ಗೆಟ್ ಮುಟ್ಟುವುದು ಮುಖ್ಯವಾಗಿತ್ತು, ಸಿಬ್ಬಂದಿ ಸಾಲುತ್ತಿರಲಿಲ್ಲ, ದೂರು ಹೇಳಿದ ಸಿಬ್ಬಂದಿಯ ಮಾತಿಗೆ ಬೆಲೆ ಇರಲಿಲ್ಲ. ಅಲ್ಲಿದ್ದ ನರ್ಸ್‌ಗಳೆಲ್ಲ ಕೆಟ್ಟವರಾ? ಖಂಡಿತ ಅಲ್ಲ.

ಈಗ ನಿಮ್ಮ ಹೊಟ್ಟೆ ಕಿವುಚುವ ವಿಷಯಕ್ಕೆ ಬರೋಣ. ರಾಬರ್ಟ್ ಕರಾಸೆಕ್ ಅನ್ನುವವರು 1979ರಲ್ಲಿ ಒಂದು ಸರಳವಾದ ವಿಚಾರ ಮುಂದಿಟ್ಟರು, ಇವತ್ತಿಗೂ ಕೆಲಸದ ಒತ್ತಡ ಅಂದರೆ ನಾವು ಮೊದಲು ನೋಡುವುದು ಅದನ್ನೇ. ಕೆಲಸ ಎಷ್ಟು ಕೇಳುತ್ತೆ ಅನ್ನುವುದು ಒಂದು, ಆ ಕೆಲಸದ ಮೇಲೆ ನಿಮಗೆ ಎಷ್ಟು ಹಿಡಿತ ಇದೆ ಅನ್ನುವುದು ಇನ್ನೊಂದು. ಕೇಳುವುದು ಜಾಸ್ತಿ, ಹಿಡಿತ ಕಮ್ಮಿ ಆದಾಗ ಮನುಷ್ಯ ಬಳಲುತ್ತಾನೆ. ಆಮೇಲೆ ಬಂದವರು ಮೂರನೆಯದೊಂದು ಸೇರಿಸಿದರು: ಪಕ್ಕದಲ್ಲಿ ನಿಲ್ಲುವವರು ಇದ್ದಾರಾ?

ಡಿಸ್ಚಾರ್ಜ್ ದಿನವನ್ನೇ ನೆನೆಸಿಕೊಳ್ಳಿ. ಬೆಳಗ್ಗೆ ರೌಂಡ್ಸ್‌ನಲ್ಲಿ ಡಾಕ್ಟರು ‘ಇವತ್ತು ಮನೆಗೆ ಹೋಗಬಹುದು’ ಅಂದುಬಿಡುತ್ತಾರೆ. ಆ ಕ್ಷಣದಿಂದಲೇ ಪೇಷಂಟ್ ಕಡೆಯವರು ಬ್ಯಾಗು ಕಟ್ಟಿ ಕೂರುತ್ತಾರೆ. ಇನ್ಶೂರೆನ್ಸ್ ಅಪ್ರೂವಲ್ ಬರಬೇಕು, ಫಾರ್ಮಸಿ ಕ್ಲಿಯರೆನ್ಸ್ ಆಗಬೇಕು, ಸಮ್ಮರಿ ಟೈಪ್ ಆಗಬೇಕು, ಕನ್ಸಲ್ಟೆಂಟ್ ಡಾಕ್ಟರು ಒಟಿಯಿಂದ (ಆಪರೇಷನ್ ಥಿಯೇಟರ್) ಹೊರಗೆ ಬಂದು ಸೈನ್ ಹಾಕಬೇಕು. ಇದರಲ್ಲಿ ಒಂದಾದರೂ ಸಿಸ್ಟರ್ ಕೈಯಲ್ಲಿದೆಯಾ? ಇಲ್ಲ. ಆದರೆ ಮೂರು ಗಂಟೆ ಹೊತ್ತಿಗೆ ಬಾಯಿಗೆ ಬಂದ ಹಾಗೆ ಬೈಸಿಕೊಳ್ಳುವವರು ಯಾರು? ಕೌಂಟರ್‌ನಲ್ಲಿ ಕೈಗೆ ಸಿಗುವವರು. ಅದೂ ಸಾಲದು ಅಂತ ಈಗ ಗೂಗಲ್ ರಿವ್ಯೂ ಬಂದಿದೆ, ಅದರಲ್ಲಿ ‘ಎರಡನೇ ಮಹಡಿ ಸಿಸ್ಟರ್ ಒರಟು’ ಅಂತ ಒಂದು ಸಾಲು ಬಿದ್ದರೆ ಮರುದಿನ ಆಫೀಸಿಗೆ ಕರೆ. ಆ ಸಿಸ್ಟರ್ ಮಧ್ಯಾಹ್ನ ಊಟ ಮಾಡಿದ್ದರಾ ಅಂತ ಯಾರೂ ಕೇಳುವುದಿಲ್ಲ.

ಇಂಥ ದಿನವೂ ತಡೆದುಕೊಳ್ಳಬಹುದು. ಯಾವಾಗ ಅಂದರೆ, ಪೇಷಂಟ್ ಕಡೆಯವರು ಕೂಗಾಡುವಾಗ ಇನ್‌ಚಾರ್ಜ್ ಬಂದು ‘ಸ್ವಲ್ಪ ಈ ಕಡೆ ಬನ್ನಿ ಸಾರ್, ನಾನು ಹೇಳುತ್ತೇನೆ’ ಅಂತ ನಿಮ್ಮ ಮುಂದೆ ನಿಂತಾಗ. ನಿಮ್ಮ ಹಳೇ ಆಸ್ಪತ್ರೆಯಲ್ಲಿ ಹಾಗೆ ನಿಲ್ಲುವವರು ಇದ್ದರು ಅಂತ ನನ್ನ ಊಹೆ. ಇಲ್ಲಿನ ಇನ್‌ಚಾರ್ಜ್ ಪೇಷಂಟ್ ಕಡೆಯವರ ಮುಂದೆಯೇ ನಿಮ್ಮನ್ನು ಗದರುತ್ತಾರೆ ಅನ್ನುವುದೂ ಊಹೆಯೇ. ತಪ್ಪಿದ್ದರೆ ಬರೆಯಿರಿ.

ಮೇಲು ಕೀಳಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಯಾವುದೇ ವಾರ್ಡ್‌ಗೆ ಹೋದರೂ ನಾನು ಮೊದಲು ಕುರ್ಚಿ ಎಣಿಸುತ್ತೇನೆ. ಡಾಕ್ಟರ್‌ಗೆ ಕುಶನ್ ಕುರ್ಚಿ. ಸಿಸ್ಟರ್‌ಗಳಿಗೆ ಸ್ಟೂಲು, ಅದೂ ಮೂವರಿಗೆ ಎರಡು. ಆಯಾಗೆ ಏನೂ ಇಲ್ಲ. ರಾತ್ರಿ ಎರಡು ಗಂಟೆಗೆ ನೋಡಿದರೆ ಆ ಆಯಮ್ಮ ಸಲೈನ್ ಬಂದ ರಟ್ಟಿನ ಡಬ್ಬ ಬಿಚ್ಚಿ ಲಿನನ್ ರೂಮಿನ ಬಾಗಿಲಲ್ಲಿ ಹಾಸಿಕೊಂಡು, ಗೋಡೆಗೆ ಒರಗಿ ಕೂತಿರುತ್ತಾರೆ, ಕರೆಗಂಟೆ ಆದರೆ ಧಡಕ್ಕನೆ ಏಳಬೇಕು. ಹೊರಗುತ್ತಿಗೆಯವರು, ಆದ್ದರಿಂದ ಸ್ಟಾಫ್ ಕ್ಯಾಂಟೀನ್ ರೇಟು ಅವರಿಗೆ ಅನ್ವಯಿಸುವುದಿಲ್ಲ, ಎಚ್‌ಆರ್‌ನ ಸ್ಟ್ರೆಸ್ ಕ್ಲಾಸಿಗೂ ಕರೆಯುವುದಿಲ್ಲ. ಕೆಲವು ಕಡೆ ಟೀ ಲೋಟವೂ ಬೇರೆ. ಯಾಕೆ ಬೇರೆ ಅಂತ ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತೆ. ಆಸ್ಪತ್ರೆಯಲ್ಲಿ ಒತ್ತಡದ ಬಗ್ಗೆ ಮಾತಾಡುವಾಗ ನಾವೆಲ್ಲ ಡಾಕ್ಟರು, ನರ್ಸು ಅಷ್ಟಕ್ಕೇ ನಿಲ್ಲಿಸಿಬಿಡುತ್ತೇವೆ. ಹೆಣ ಸಾಗಿಸುವವರು, ಬೆಡ್‌ಪ್ಯಾನ್ ತೊಳೆಯುವವರು, ಲ್ಯಾಬಿಗೆ ಸ್ಯಾಂಪಲ್ ಹಿಡಿದುಕೊಂಡು ಓಡುವವರು ಲೆಕ್ಕಕ್ಕೇ ಇಲ್ಲ.

ಕೆಳಗಿನ ಮೆಟ್ಟಿಲಲ್ಲಿ ಇರುವುದು ಮೈಗೂ ಕೆಟ್ಟದ್ದು. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ ದಶಕಗಳ ಕಾಲ ನಡೆದ ವೈಟ್‌ಹಾಲ್ ಅಧ್ಯಯನಗಳಲ್ಲಿ ಮೈಕೆಲ್ ಮಾರ್ಮಟ್ ತಂಡ ಕಂಡದ್ದು ಇದನ್ನೇ: ಹುದ್ದೆ ಕೆಳಗಿಳಿದ ಹಾಗೆ ಹೃದಯದ ಕಾಯಿಲೆ ಜಾಸ್ತಿ, ಅದಕ್ಕೆ ಒಂದು ದೊಡ್ಡ ಕಾರಣ ತಮ್ಮ ಕೆಲಸದ ಮೇಲೆ ತಮಗೇ ಹಿಡಿತ ಇಲ್ಲದಿರುವುದು. ‘ದೊಡ್ಡ ಸಾಹೇಬರಿಗೆ ಟೆನ್ಶನ್ ಜಾಸ್ತಿ’ ಅಂತ ನಾವು ಅಂದುಕೊಳ್ಳುತ್ತೇವೆ. ಟೆನ್ಶನ್ ಇರಬಹುದು, ಆದರೆ ಸಾಹೇಬರು ಬಾಗಿಲು ಹಾಕಿಕೊಂಡು ಕಾಫಿ ಕುಡಿಯಬಹುದು. ನೀವು ಬಾತ್‌ರೂಮಿಗೆ ಹೋಗಬೇಕಾದರೂ ಯಾರಿಗಾದರೂ ಹೇಳಿ ಹೋಗಬೇಕು.

ನೀವು ಕೇಳದ ಒಂದು ಪ್ರಶ್ನೆಗೂ ಉತ್ತರ ಕೊಡುತ್ತೇನೆ. ಇತ್ತೀಚೆಗೆ ಪೇಷಂಟ್‌ಗಳ ಹೆಸರು ನಿಮಗೆ ನೆನಪಿರುತ್ತಾ? ಅಥವಾ ‘ಆರನೇ ಬೆಡ್’, ‘ಐಸಿಯು ಎರಡು’ ಅಂತಲೇ ಬಾಯಿಗೆ ಬರುತ್ತಾ? ಲಂಡನ್ನಿನ ಒಂದು ಬೋಧನಾ ಆಸ್ಪತ್ರೆಯಲ್ಲಿ ಇಸಬೆಲ್ ಮೆಂಜೀಸ್ ಅನ್ನುವ ಮನೋವಿಶ್ಲೇಷಕಿ 1950ರ ದಶಕದ ಕೊನೆಯಲ್ಲಿ ನರ್ಸ್‌ಗಳ ಜೊತೆ ಕೂತು ಅಧ್ಯಯನ ಮಾಡಿದ್ದರು. ಅಲ್ಲಿನವರು ರೋಗಿಯನ್ನು ‘ಹತ್ತನೇ ಬೆಡ್‌ನ ಲಿವರ್’, ‘ಹದಿನೈದನೇ ಬೆಡ್‌ನ ನ್ಯುಮೋನಿಯಾ’ ಅಂತ ಕರೆಯುತ್ತಿದ್ದರು. ಒಬ್ಬ ರೋಗಿಯನ್ನು ಒಬ್ಬರೇ ಪೂರ್ತಿ ನೋಡಿಕೊಳ್ಳದ ಹಾಗೆ ಕೆಲಸವನ್ನು ಚೂರು ಚೂರು ಮಾಡಿ ಹಂಚಿದ್ದರು. ಸಾವು, ನೋವು ನೋಡಿ ನೋಡಿ ಹುಟ್ಟುವ ಕಳವಳ ಹತ್ತಿರ ಬರದಿರಲಿ ಅಂತ ಇಡೀ ಆಸ್ಪತ್ರೆಯೇ ಕಟ್ಟಿಕೊಂಡ ಗೋಡೆ ಇದು ಅಂದರು ಮೆಂಜೀಸ್. ಗೋಡೆಯಿಂದ ಕಳವಳ ಹೋಗಲಿಲ್ಲ, ಕೆಲಸದ ಖುಷಿ ಮಾತ್ರ ಹೋಯಿತು. ನರ್ಸಿಂಗ್ ಕಲಿಯಲು ಬಂದ ಹುಡುಗಿಯರಲ್ಲಿ ಸುಮಾರು ಮೂರನೇ ಒಂದರಷ್ಟು ಜನ ತರಬೇತಿ ಮುಗಿಸದೆ ಹೊರಟುಹೋಗುತ್ತಿದ್ದರು.

ನಮ್ಮ ವಾರ್ಡ್‌ಗಳಲ್ಲೂ ಒಂದು ಸಾವಾದ ಮೇಲೆ ಏನಾಗುತ್ತೆ ನೋಡಿ. ಬಾಡಿ ಪ್ಯಾಕ್ ಆಗುತ್ತೆ, ಫೈಲ್ ಮೆಡಿಕಲ್ ರೆಕಾರ್ಡ್ಸ್‌ಗೆ ಹೋಗುತ್ತೆ, ಬೆಡ್‌ಗೆ ಹೊಸ ಬೆಡ್‌ಶೀಟ್, ಅರ್ಧ ಗಂಟೆಯಲ್ಲಿ ಹೊಸ ಅಡ್ಮಿಷನ್. ಹನ್ನೆರಡು ದಿನ ಆ ಮಗುವಿಗೆ ಐವಿ ಹಾಕಿದ ಸಿಸ್ಟರ್ ಎಲ್ಲಿ ಅಳಬೇಕು? ಸ್ಟೋರ್ ರೂಮಿನಲ್ಲಿ. ಐದು ನಿಮಿಷ ಕೂತು ‘ಏನಾಯ್ತು, ನೀನು ಸರಿಯಾಗಿದ್ದೀಯಾ’ ಅಂತ ಕೇಳುವ ಅಭ್ಯಾಸ ಇರುವ ವಾರ್ಡ್‌ಗಳೂ ಇವೆ. ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ರೋಗಿಗಳ ಬಗ್ಗೆ ಮರಗಟ್ಟಿದ ಹಾಗಾಗುವುದು ಬರ್ನ್‌ಔಟ್‌ನ ಒಂದು ಗುರುತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಹೊಸ ರೋಗಪಟ್ಟಿಯಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆ ಅಂತ ಸೇರಿಸಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತ ಸೇರಿಸಿದೆ. ಮೂರು ಲಕ್ಷಣ: ಶಕ್ತಿ ಬತ್ತಿದ ಹಾಗಾಗುವುದು, ಕೆಲಸದಿಂದ ಮನಸ್ಸು ದೂರವಾಗುವುದು ಅಥವಾ ಸಿನಿಕತನ, ಕೈಲಾಗುತ್ತಿಲ್ಲ ಅನ್ನುವ ಭಾವನೆ. ಸರಿಯಾಗಿ ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದಿಂದ ಬರುವಂಥದ್ದು ಅಂತ ಅದರ ವಿವರಣೆಯಲ್ಲೇ ಇದೆ. ಮನೆಯವರಿಗೆ ಈ ಪ್ಯಾರಾ ಎರಡು ಸಲ ಓದಿಸಿ.

ಈಗ ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ. ಇದೊಂದನ್ನು ಹಿಡಿದುಕೊಂಡೇ ಆಸ್ಪತ್ರೆಯ ಜಾತಕ ಹೇಳಬಹುದು. ಮುಂದಿನ ತಿಂಗಳ ಡ್ಯೂಟಿ ಮುಂಚೆಯೇ ಬೋರ್ಡಿಗೆ ಬರುತ್ತಾ, ಅಥವಾ ಭಾನುವಾರ ರಾತ್ರಿ ಹತ್ತೂವರೆಗೆ ವಾಟ್ಸಾಪ್ ಗ್ರೂಪಿನಲ್ಲಿ ‘ನಾಳೆ ನೀವು ಮಾರ್ನಿಂಗ್’ ಅಂತ ಬರುತ್ತಾ? ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅನ್ನುವ ಕ್ರಮದಲ್ಲಿ ಡ್ಯೂಟಿ ತಿರುಗಿದರೆ ಮೈ ಹೊಂದಿಕೊಳ್ಳುತ್ತೆ, ಉಲ್ಟಾ ತಿರುಗಿಸಿದರೆ ಒದ್ದಾಡುತ್ತೆ. ನೈಟ್ ಮುಗಿಸಿದ ದಿನವನ್ನೇ ಆಫ್ ಅಂತ ಲೆಕ್ಕ ಹಾಕುವುದು ಶುದ್ಧ ಮೋಸ. ಹಬ್ಬದ ರಜೆ ಯಾವಾಗಲೂ ಅದೇ ನಾಲ್ವರಿಗೆ ಸಿಗುತ್ತಾ? ಇನ್‌ಚಾರ್ಜ್‌ನ ಊರಿನವರು, ಅವರ ಭಾಷೆಯವರು, ಅವರ ಜೊತೆ ಓದಿದವರು ಅಂತ ಗುಂಪು ಇದೆಯಾ? ಕನ್ನಡದವರು, ಮಲಯಾಳಿಗಳು, ಉತ್ತರ ಕರ್ನಾಟಕದವರು, ಈಶಾನ್ಯದ ಹುಡುಗಿಯರು ಎಲ್ಲ ಒಂದೇ ಹಾಸ್ಟೆಲ್‌ನಲ್ಲಿ ಇರುವ ಆಸ್ಪತ್ರೆಗಳಲ್ಲಿ ಈ ಗುಂಪುಗಾರಿಕೆ ಬೇಗ ಬೆಳೆಯುತ್ತೆ, ಮತ್ತು ಪಕ್ಷಪಾತದ ರೋಸ್ಟರ್ ಅದಕ್ಕೆ ಗೊಬ್ಬರ ಹಾಕುತ್ತೆ. ಡ್ಯೂಟಿ ಕಷ್ಟ ಇದ್ದರೂ ಎಲ್ಲರಿಗೂ ಒಂದೇ ಥರ ಇದ್ದರೆ ಜನ ಸಹಿಸುತ್ತಾರೆ. ಅನ್ಯಾಯ ಸಹಿಸುವುದಿಲ್ಲ.

ಇಷ್ಟೆಲ್ಲ ಹೇಳಿದೆ ಅಂತ ಕೆಲಸದ ಹೊರೆ ಮುಖ್ಯವಲ್ಲ ಅಂದುಕೊಳ್ಳಬೇಡಿ. ಇದನ್ನು ಆಡಳಿತದವರು ಓದಿ ‘ನೋಡಿ, ಸಂಸ್ಕೃತಿ ಸರಿಮಾಡಿದರೆ ಸಾಕು, ಜನ ಬೇಕಿಲ್ಲ’ ಅನ್ನುವ ಅಪಾಯ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಮೇಲೆ ಲಿಂಡಾ ಏಕನ್ ತಂಡ ಮಾಡಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಒಬ್ಬ ನರ್ಸ್‌ಗೆ ಒಬ್ಬೊಬ್ಬ ಪೇಷಂಟ್ ಜಾಸ್ತಿಯಾದ ಹಾಗೆಲ್ಲ ನರ್ಸ್‌ಗಳ ಬರ್ನ್‌ಔಟ್ ಸಾಧ್ಯತೆ ಶೇ. 23ರಷ್ಟು, ಸರ್ಜರಿ ಆದ ರೋಗಿಗಳು 30 ದಿನದೊಳಗೆ ಸಾಯುವ ಸಾಧ್ಯತೆ ಶೇ. 7ರಷ್ಟು ಏರುತ್ತಿತ್ತು. ನಮ್ಮಲ್ಲಿ ರಾತ್ರಿ ಪಾಳಿಯಲ್ಲಿ ಒಬ್ಬರೇ ಸಿಸ್ಟರ್ ಇಡೀ ವಾರ್ಡ್ ನೋಡುವುದು ಹೊಸದೇನಲ್ಲ. ಅಲ್ಲಿ ಎಂಥ ಒಳ್ಳೇ ಇನ್‌ಚಾರ್ಜ್ ಇದ್ದರೂ ಎರಡು ಕೈ ಎರಡೇ.

ಸಂಬಳವೂ ಅಷ್ಟೇ. ಖಾಸಗಿ ಆಸ್ಪತ್ರೆ ನರ್ಸ್‌ಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಕೊಟ್ಟ ನಿರ್ದೇಶನದ ಮೇಲೆ ಕೇಂದ್ರ ಒಂದು ಸಮಿತಿ ಮಾಡಿತು. 200ಕ್ಕಿಂತ ಜಾಸ್ತಿ ಹಾಸಿಗೆ ಇದ್ದರೆ ರಾಜ್ಯ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ, 50ಕ್ಕಿಂತ ಕಮ್ಮಿ ಹಾಸಿಗೆ ಇದ್ದರೂ ತಿಂಗಳಿಗೆ 20,000 ರೂಪಾಯಿಗೆ ಕಮ್ಮಿ ಇರಬಾರದು ಅಂತ ಸಮಿತಿ ಶಿಫಾರಸು ಮಾಡಿತು. ನಿಮ್ಮ ಪೇ ಸ್ಲಿಪ್ ತೆಗೆದು ನೋಡಿ. ಪಟ್ಟ ಶ್ರಮಕ್ಕೂ ಸಿಗುವ ದುಡ್ಡು, ಮರ್ಯಾದೆ, ಭದ್ರತೆಗೂ ತಾಳೆ ಆಗದಿದ್ದರೆ ಅದೇ ಒಂದು ಒತ್ತಡ. ಮೇ 12ರ ನರ್ಸ್ ದಿನಕ್ಕೆ ಕೇಕ್ ಕತ್ತರಿಸಿ ‘ನೀವು ದೇವತೆಗಳು’ ಅಂದರೆ ಅದು ಸರಿಹೋಗುವುದಿಲ್ಲ. ದೇವತೆಗಳಿಗೆ ಓವರ್‌ಟೈಮ್ ಕೊಡಬೇಕಿಲ್ಲ ಅನ್ನುವ ಅನುಕೂಲ ಬೇರೆ.

ಧ್ಯಾನದ ಕ್ಲಾಸಿನ ಬಗ್ಗೆ ಕೇಳಿದ್ದೀರಿ. ಧ್ಯಾನ, ಪ್ರಾಣಾಯಾಮ ಒಳ್ಳೆಯದೇ, ನಿದ್ದೆಗೆ ಸಹಾಯ ಆಗುತ್ತೆ, ಬೇಕಾದರೆ ಮನೆಯಲ್ಲಿ ಮಾಡಿ. ಆದರೆ ನೈಟ್ ಮುಗಿಸಿದವರನ್ನು ಬೆಳಗ್ಗೆ ಹತ್ತರವರೆಗೆ ಕೂರಿಸಿಕೊಂಡು, ಹಾಜರಿ ಹಾಕಿಸಿಕೊಂಡು, ‘ಒತ್ತಡ ನಿಮ್ಮ ಮನಸ್ಸಿನಲ್ಲಿದೆ’ ಅಂತ ಹೇಳಿಕೊಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಕಾಯಿಲೆ ಇರುವುದು ರೋಸ್ಟರ್‌ನಲ್ಲಿ, ಮೆಮೊದಲ್ಲಿ, ರೌಂಡ್ಸ್‌ನಲ್ಲಿ ಬೈಯುವ ಆ ಒಬ್ಬ ಕನ್ಸಲ್ಟೆಂಟ್‌ನಲ್ಲಿ. ಆ ಕನ್ಸಲ್ಟೆಂಟ್‌ಗೆ ಯಾರೂ ಕ್ಲಾಸ್ ಇಡುವುದಿಲ್ಲ, ಯಾಕೆಂದರೆ ತಿಂಗಳಿಗೆ ಅತಿ ಹೆಚ್ಚು ಕೇಸ್ ತರುವವರು ಅವರೇ.

ಬದಲಾಗುತ್ತಾ ಇದು? ಆಗುತ್ತೆ, ಮೇಲಿನವರು ಮನಸ್ಸು ಮಾಡಿದರೆ. ಅಮೆರಿಕದ ಮಿಷಿಗನ್ ರಾಜ್ಯದ ಐಸಿಯುಗಳಲ್ಲಿ 2004ರ ಸುಮಾರಿಗೆ ಪೀಟರ್ ಪ್ರೊನೊವೋಸ್ಟ್ ಅನ್ನುವ ಡಾಕ್ಟರ ತಂಡ ಒಂದು ಕೆಲಸ ಮಾಡಿತು. ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ಟ್ಯೂಬ್) ಹಾಕುವಾಗ ಪಾಲಿಸಬೇಕಾದ ಐದು ಸರಳ ಅಂಶಗಳು, ಕೈ ತೊಳೆಯುವುದರಿಂದ ಶುರು. ಅದರಲ್ಲಿ ಹೊಸದೇನೂ ಇರಲಿಲ್ಲ. ಹೊಸದಾಗಿದ್ದದ್ದು ಇದು: ಡಾಕ್ಟರ್ ಒಂದು ಹಂತ ಬಿಟ್ಟರೆ ‘ನಿಲ್ಲಿಸಿ’ ಅಂತ ಹೇಳುವ ಅಧಿಕಾರ ನರ್ಸ್‌ಗೆ, ಆಡಳಿತದ ಬೆಂಬಲದ ಜೊತೆ. ಹದಿನೆಂಟು ತಿಂಗಳಲ್ಲಿ ಆ ಲೈನ್‌ಗಳಿಂದ ಬರುವ ರಕ್ತದ ಸೋಂಕು ಸುಮಾರು ಮೂರನೇ ಎರಡರಷ್ಟು ಇಳಿಯಿತು. ನಿಮ್ಮ ಆಸ್ಪತ್ರೆಯಲ್ಲಿ ಸೀನಿಯರ್ ಡಾಕ್ಟರ್‌ಗೆ ‘ಸಾರ್, ಗ್ಲೌಸ್’ ಅಂತ ಹೇಳಿದರೆ ಏನಾಗುತ್ತೆ, ಕಣ್ಣು ಮುಚ್ಚಿ ಊಹಿಸಿಕೊಳ್ಳಿ.

ಅದಕ್ಕೂ ಮುಂಚೆ, 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ನರ್ಸ್‌ಗಳು ಸಿಗದೆ ಆಸ್ಪತ್ರೆಗಳೆಲ್ಲ ಪರದಾಡುತ್ತಿದ್ದಾಗ, ಕೆಲವು ಆಸ್ಪತ್ರೆಗಳಲ್ಲಿ ಮಾತ್ರ ನರ್ಸ್‌ಗಳು ಬಿಟ್ಟು ಹೋಗುತ್ತಿರಲಿಲ್ಲ. ಅಂಥ 41 ಆಸ್ಪತ್ರೆಗಳನ್ನು ಹುಡುಕಿ 1983ರಲ್ಲಿ ಅಧ್ಯಯನ ಪ್ರಕಟಿಸಿದರು. ಆಯಸ್ಕಾಂತದ ಹಾಗೆ ಹಿಡಿದಿಟ್ಟುಕೊಳ್ಳುತ್ತವೆ ಅಂತ ಅವಕ್ಕೆ ಮ್ಯಾಗ್ನೆಟ್ ಅಂತಲೇ ಹೆಸರು ಬಿತ್ತು. ಗುಟ್ಟು ಏನೂ ಇರಲಿಲ್ಲ. ನರ್ಸಿಂಗ್ ಮುಖ್ಯಸ್ಥೆ ವಾರ್ಡ್‌ನಲ್ಲಿ ಕಣ್ಣಿಗೆ ಬೀಳುತ್ತಿದ್ದರು, ತೀರ್ಮಾನಗಳಲ್ಲಿ ನರ್ಸ್‌ಗಳನ್ನು ಕೇಳುತ್ತಿದ್ದರು, ಡ್ಯೂಟಿ ಹೊಂದಿಸಿಕೊಳ್ಳಲು ಅವಕಾಶ ಇತ್ತು.

ಸರಿ, ನೀವು ಏನು ಮಾಡಬೇಕು? ಆಸ್ಪತ್ರೆಯನ್ನು ಒಬ್ಬರೇ ಬದಲಾಯಿಸಲು ಹೋಗಬೇಡಿ, ಸುಟ್ಟುಕೊಳ್ಳುತ್ತೀರಿ. ಮೊದಲು ಒಂದು ತಿಂಗಳು ಸಣ್ಣ ಡೈರಿ ಇಡಿ. ಯಾವ ದಿನ ಹೊಟ್ಟೆ ಕಿವುಚಿತು, ಆ ದಿನ ಯಾರು ಡ್ಯೂಟಿಯಲ್ಲಿದ್ದರು, ಪೇಷಂಟ್ ಎಷ್ಟಿದ್ದರು, ಏನು ಮಾತು ಬಂತು. ಪೇಷಂಟ್‌ಗಳ ಹೆಸರು, ವಿವರ ಮಾತ್ರ ಬರೆಯಬೇಡಿ. ಹೀಗೆ ಬರೆದವರು ಬಹಳ ಸಲ ಕಂಡುಕೊಳ್ಳುವುದು ಏನೆಂದರೆ, ಇಡೀ ಆಸ್ಪತ್ರೆ ಕೆಟ್ಟದ್ದಲ್ಲ, ಒಬ್ಬರೋ ಇಬ್ಬರೋ ಇರುವ ಪಾಳಿ ಕೆಟ್ಟದ್ದು. ಹಾಗಿದ್ದರೆ ವಾರ್ಡ್ ಬದಲಾವಣೆ ಕೇಳಿದರೆ ಸಾಕಾಗಬಹುದು. ಡಯಾಲಿಸಿಸ್, ಒಟಿ, ಮಕ್ಕಳ ವಾರ್ಡ್, ಒಂದೇ ಕಟ್ಟಡದಲ್ಲಿ ಬೇರೆ ಬೇರೆ ಲೋಕ ಅವು.

ಇನ್‌ಚಾರ್ಜ್ ಅಥವಾ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಮಾತಾಡುವಾಗ ‘ಮೇಡಂ, ತುಂಬಾ ಸ್ಟ್ರೆಸ್ ಆಗ್ತಿದೆ’ ಅನ್ನಬೇಡಿ. ‘ಎಲ್ಲರಿಗೂ ಆಗುತ್ತಮ್ಮ’ ಅಂತ ಒಂದೇ ಮಾತಿನಲ್ಲಿ ಮುಗಿಯುತ್ತೆ. ‘ಈ ತಿಂಗಳು ಮೂರು ಸಲ ನೈಟ್ ಆದ ಮರುದಿನ ಮಾರ್ನಿಂಗ್ ಬಿದ್ದಿದೆ, ಮುಂದಿನ ತಿಂಗಳು ನಡುವೆ ಒಂದು ದಿನ ಕೊಡಿ’ ಅನ್ನಿ. ಕೊಡಬಹುದಾದದ್ದನ್ನು ಕೇಳಿ. ಸಾಧ್ಯವಾದರೆ ಇಬ್ಬರು ಮೂವರು ಒಟ್ಟಿಗೆ ಹೋಗಿ. ಒಬ್ಬರೇ ಹೋದರೆ ‘ಅವಳದ್ದು ಯಾವಾಗಲೂ ಇದ್ದದ್ದೇ’ ಆಗುತ್ತೆ.

ಕೆಲವು ವಿಷಯಗಳಿಗೆ ಹೊಂದಿಕೊಳ್ಳುವ ಮಾತೇ ಇಲ್ಲ. ಮೈಮುಟ್ಟುವುದು, ಅಸಹ್ಯ ಮಾತು, ರಾತ್ರಿ ಬೇಡದ ಮೆಸೇಜ್ ಇದ್ದರೆ, ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆಯೆಲ್ಲ ಆಂತರಿಕ ಸಮಿತಿ ಇರಲೇಬೇಕು, ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಗುತ್ತಿಗೆಯವರಿಗೂ ಅದು ಅನ್ವಯ. ಪೇಷಂಟ್ ಕಡೆಯವರು ಕೈ ಮಾಡಿದರೆ ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ, ಡಾಕ್ಟರ್‌ಗೆ ಮಾತ್ರವಲ್ಲ, ನರ್ಸ್‌ಗೂ ರಕ್ಷಣೆ ಇದೆ. ‘ಆಸ್ಪತ್ರೆ ಹೆಸರು ಕೆಡುತ್ತೆ, ಕಂಪ್ಲೇಂಟ್ ಬೇಡ’ ಅಂತ ಆಡಳಿತ ನಿಮ್ಮನ್ನೇ ಸಮಾಧಾನ ಮಾಡಲು ಬಂದರೆ, ಆ ಜಾಗದ ಬಗ್ಗೆ ನಿಮಗೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನೊಂದು. ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ, ಬದುಕೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದಿದ್ದರೂ, ಡೈರಿ ಗೀರಿ ಆಮೇಲೆ, ಮೊದಲು ಮನೋವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಆಸ್ಪತ್ರೆಯಲ್ಲೇ ತೋರಿಸಿದರೆ ನಾಳೆ ಎಲ್ಲರಿಗೂ ಗೊತ್ತಾಗುತ್ತೆ ಅನ್ನುವ ಹೆದರಿಕೆ ಇದ್ದರೆ ಹೊರಗೆ ತೋರಿಸಿ. ಆ ಹೆದರಿಕೆ ಸಹಜ.

ಬಿಡಬೇಕಾ ಅನ್ನುವುದಕ್ಕೆ ಉತ್ತರ: ವಾರ್ಡ್ ಬದಲಾವಣೆ ಕೇಳಿ ನೋಡಿ, ರೋಸ್ಟರ್ ಸರಿಮಾಡಲು ಕೇಳಿ ನೋಡಿ, ಒಂದೆರಡು ತಿಂಗಳು ಕಾಯಿರಿ. ಕೇಳಿದ್ದಕ್ಕೇ ನಿಮ್ಮ ಮೇಲೆ ಹಗೆ ಸಾಧಿಸಲು ಶುರು ಮಾಡಿದರೆ ಬಿಡಿ, ಎರಡನೇ ಯೋಚನೆ ಬೇಡ. ಆದರೆ ಸಿಟ್ಟಿನಲ್ಲಿ ಒಂದೇ ದಿನಕ್ಕೆ ಬಿಡಬೇಡಿ. ಆಫರ್ ಲೆಟರ್ ತೆಗೆದು ನೋಟಿಸ್ ಪಿರಿಯಡ್ ಎಷ್ಟು ಅಂತ ಓದಿಕೊಳ್ಳಿ, ರಾಜೀನಾಮೆಯನ್ನು ಇಮೇಲ್‌ನಲ್ಲೂ ಕಳಿಸಿ, ಕೈಯಲ್ಲಿ ಕೊಟ್ಟ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಸೇರುವಾಗ ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಂಡಿದ್ದಾರಾ? ಹಾಗಿದ್ದರೆ ರಾಜೀನಾಮೆಗೆ ಮುಂಚೆಯೇ ಬೇರೆ ಕಾರಣ ಹೇಳಿ ಈಸಿಕೊಳ್ಳಿ, ಕೊಡದಿದ್ದರೆ ಕಾರ್ಮಿಕ ಇಲಾಖೆಯಲ್ಲಿ ಅಥವಾ ವಕೀಲರ ಹತ್ತಿರ ವಿಚಾರಿಸಿ.

ಮುಂದಿನ ಆಸ್ಪತ್ರೆಗೆ ಇಂಟರ್ವ್ಯೂಗೆ ಹೋದಾಗ ಸಂಬಳದ ಜೊತೆ ಇನ್ನೆರಡು ಕೇಳಿ: ರೋಸ್ಟರ್ ಎಷ್ಟು ದಿನ ಮುಂಚೆ ಬರುತ್ತೆ, ಈ ಜಾಗ ಖಾಲಿ ಆಗಿದ್ದು ಯಾಕೆ. ಇಂಟರ್ವ್ಯೂ ಮುಗಿದ ಮೇಲೆ ನೆಟ್ಟಗೆ ಬಸ್‌ಸ್ಟ್ಯಾಂಡಿಗೆ ಹೋಗಬೇಡಿ. ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ನಿಂತು, ಡ್ಯೂಟಿ ಮುಗಿಸಿ ಬರುವ ಸಿಸ್ಟರ್‌ಗಳಲ್ಲಿ ಒಬ್ಬಿಬ್ಬರನ್ನು ಮಾತಾಡಿಸಿ, ಹೇಗಿದೆ ಇಲ್ಲಿ ಅಂತ. ಎಚ್‌ಆರ್ ಹೇಳದಿರುವುದನ್ನೆಲ್ಲ ಅವರು ಹೇಳುತ್ತಾರೆ.